ನಿಂತಾಗ ಮಾತ್ರ ಎಂಜಿನ್ ಹೀಟ್ ಆಗುತ್ತಿದೆ, ಹೈವೇಯಲ್ಲಿ ಏನೂ ಇಲ್ಲ. ಎಲ್ಲಿಂದ ನೋಡಿಸಲಿ?

ಬಟವಾಡಿ ಟೀಚರ್

ಎಲ್ಲರಿಗೂ ನಮಸ್ಕಾರ. ನನ್ನದು 2016ರ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಸಂಕ್ರಾಂತಿ ಕಳೆದ ಮೇಲೆ ಒಂದು ತೊಂದರೆ ಶುರುವಾಗಿದೆ. ಸಂಜೆ ಹೊತ್ತು ಬಿ.ಎಚ್. ರಸ್ತೆಯಲ್ಲಿ ಬಟವಾಡಿಯಿಂದ ಟೌನ್‌ಹಾಲ್ ಕಡೆಗೆ ಗಾಡಿಗಳು ತೆವಳುತ್ತವೆ, ಅಲ್ವಾ? ಆಗ ಟೆಂಪರೇಚರ್ ಮುಳ್ಳು ಅರ್ಧ ದಾಟಿ ಮೇಲೆ ಹೋಗುತ್ತದೆ. ಎಸಿ ಹಾಕಿದ್ದರೆ ಇನ್ನೂ ಬೇಗ. ಬೆಂಗಳೂರಿಗೆ ಹೋದಾಗ ಗೊರಗುಂಟೆಪಾಳ್ಯದ ಸಿಗ್ನಲ್‌ನಲ್ಲೂ ಹೀಗೇ ಆಯಿತು. ಆದರೆ ಹೈವೇಯಲ್ಲಿ ನೆಲಮಂಗಲದವರೆಗೆ ಎಷ್ಟು ಓಡಿಸಿದರೂ ಮುಳ್ಳು ಅಲುಗಾಡುವುದಿಲ್ಲ. ಬಿಸಿಯಾದ ಮೇಲೂ ಸ್ವಲ್ಪ ದೂರ ಓಡಿಸಿದರೆ ತಾನಾಗಿಯೇ ಇಳಿಯುತ್ತದೆ.

ಎಂಜಿನ್ ತಣ್ಣಗಿಡುವ ದ್ರವ, ಅಂದರೆ ಕೂಲೆಂಟ್, ಬಾಟಲಿಯಲ್ಲಿ ಎರಡು ಗೆರೆಗಳ ನಡುವೆ ಇದೆ. ಕೆಳಗೆ ಎಲ್ಲೂ ಸೋರಿದ ಗುರುತಿಲ್ಲ. ಫ್ಯಾನ್ ತಿರುಗುವ ಸದ್ದು ಕೇಳುತ್ತದೆ. ಒಂದು ಗ್ಯಾರೇಜ್‌ನಲ್ಲಿ ಥರ್ಮೋಸ್ಟಾಟ್ (ಬಿಸಿಯಾದ ಮೇಲೆ ಕೂಲೆಂಟನ್ನು ರೇಡಿಯೇಟರ್‌ಗೆ ಬಿಡುವ ವಾಲ್ವ್) ತೆಗೆದು ಡೈರೆಕ್ಟ್ ಮಾಡಿಬಿಡೋಣ ಎಂದರು. ಇನ್ನೊಂದರಲ್ಲಿ ಆ ಕೂಲೆಂಟನ್ನು ಗಾಳಿಗೆ ತಣಿಸುವ ರೇಡಿಯೇಟರನ್ನೇ ಬದಲಾಯಿಸಬೇಕು ಎಂದರು. ನಾನು ದಿನಾ ಕೊರಟಗೆರೆ ಕಡೆಯ ಶಾಲೆಗೆ ಹೋಗಿಬರಬೇಕು, ಅಪ್ಪನನ್ನು ಕಣ್ಣಿನ ಚಿಕಿತ್ಸೆಗೆ ಬೆಂಗಳೂರಿಗೆ ಕರೆದುಕೊಂಡು ಹೋಗಬೇಕು. ದಾರಿಯಲ್ಲಿ ಕೈಕೊಟ್ಟರೆ ಕಷ್ಟ. ಯಾರ ಮಾತು ಕೇಳಲಿ?

ಕುಣಿಗಲ್ ರಸ್ತೆ

ಟೀಚರ್, ಥರ್ಮೋಸ್ಟಾಟ್ ತೆಗೆಸಿ. ನಮ್ಮ ತಂದೆಯ ಅಂಬಾಸಿಡರ್‌ನಲ್ಲಿ ತೆಗೆದೇ ಓಡಿಸುತ್ತಿದ್ದರು. ನಮ್ಮ ಊರಿನ ಬಿಸಿಲಿಗೆ ಅದರ ಅವಶ್ಯಕತೆಯೇ ಇಲ್ಲ. ಖರ್ಚೂ ಕಡಿಮೆ.

ಶಿರಾಗೇಟ್ ಮೆಕ್ಯಾನಿಕ್

ಮೇಡಂ, ಸದ್ಯಕ್ಕೆ ಥರ್ಮೋಸ್ಟಾಟನ್ನೂ ಮುಟ್ಟಿಸಬೇಡಿ, ರೇಡಿಯೇಟರನ್ನೂ ಬದಲಾಯಿಸಬೇಡಿ. ನೀವು ಬರೆದಿದ್ದರಲ್ಲೇ ಅರ್ಧ ಉತ್ತರ ಇದೆ. ನಿಂತಾಗ ಬಿಸಿ, ಓಡಿದಾಗ ತಣ್ಣಗೆ. ಗ್ಯಾರೇಜ್‌ಗೆ ಬಂದವರನ್ನು ನಾನು ಮೊದಲು ಕೇಳುವುದೇ ಇದನ್ನು.

ಎಂಜಿನ್ನಿನ ಬಿಸಿ ಹೊರಗೆ ಹೋಗಲು ಎರಡು ಕೆಲಸ ನಡೆಯಬೇಕು. ಒಳಗೆ ನೀರು ಸುತ್ತಬೇಕು, ಹೊರಗೆ ಗಾಳಿ ಹಾಯಬೇಕು. ಹೈವೇಯಲ್ಲಿ ಗಾಡಿ 80ರಲ್ಲಿ ಹೋಗುವಾಗ ಗಾಳಿ ತಾನಾಗಿಯೇ ಗ್ರಿಲ್‌ನಿಂದ ನುಗ್ಗುತ್ತದೆ. ಫ್ಯಾನ್ ಬೇಕಾಗುವುದೇ ಇಲ್ಲ. ಅದೇ ಹೊತ್ತಿಗೆ ಎಂಜಿನ್ ಜಾಸ್ತಿ ಕೆಲಸ ಮಾಡುತ್ತಿರುತ್ತದೆ, ಬಿಸಿಯೂ ಜಾಸ್ತಿ ಹುಟ್ಟುತ್ತದೆ. ಆಗಲೂ ಮುಳ್ಳು ಅಲುಗಾಡುತ್ತಿಲ್ಲ ಎಂದರೆ ನಿಮ್ಮ ವಾಟರ್ ಪಂಪ್, ಥರ್ಮೋಸ್ಟಾಟ್, ರೇಡಿಯೇಟರ್ ಒಳಗಿನ ಟ್ಯೂಬುಗಳು ಕೆಲಸ ಮಾಡುತ್ತಿವೆ ಎಂದೇ ಅರ್ಥ. ಥರ್ಮೋಸ್ಟಾಟ್ ಮುಚ್ಚಿಕೊಂಡಿದ್ದರೆ ಕ್ಯಾತ್ಸಂದ್ರ ದಾಟುವುದರೊಳಗೆ ಗೊತ್ತಾಗುತ್ತಿತ್ತು. ಗಾಡಿ ಓಡಲಿ ನಿಲ್ಲಲಿ ಅದಕ್ಕೆ ಭೇದವಿಲ್ಲ.

ಇದೇ ತಿರುಗುಮುರುಗಾಗಿ, ಊರೊಳಗೆ ಸರಿಯಿದ್ದು ಹೈವೇಯಲ್ಲಿ ಅಥವಾ ಏರು ಹತ್ತುವಾಗ ಬಿಸಿಯಾದರೆ ನಾನು ನೀರಿನ ಕಡೆ ಹುಡುಕುತ್ತೇನೆ. ನಿಮ್ಮದು ಗಾಳಿಯ ಕಡೆಯ ತೊಂದರೆ. ಹಾಗಾಗಿ ಫ್ಯಾನ್‌ನಿಂದ ಶುರು ಮಾಡೋಣ.

"ಫ್ಯಾನ್ ತಿರುಗುತ್ತದೆ" ಎಂದಿದ್ದೀರಿ. ಅಷ್ಟು ಸಾಲದು. ಎಷ್ಟು ಜೋರಾಗಿ ತಿರುಗುತ್ತದೆ, ಯಾವಾಗ ಶುರುವಾಗುತ್ತದೆ, ಗಾಳಿ ಯಾವ ಕಡೆಗೆ ಹೋಗುತ್ತದೆ ಎನ್ನುವುದೂ ಮುಖ್ಯ. ಮೋಟರ್ ಒಳಗಿನ ಕಾರ್ಬನ್ ಬ್ರಷ್ ಸವೆದಿದ್ದರೂ ಫ್ಯಾನ್ ತಿರುಗುತ್ತದೆ, ಗಾಳಿ ಎಳೆಯುವುದಿಲ್ಲ. ಹಲವು ಕಾರುಗಳಲ್ಲಿ ಫ್ಯಾನ್‌ಗೆ ಎರಡು ಸ್ಪೀಡ್ ಇರುತ್ತದೆ. ಕಡಿಮೆ ಸ್ಪೀಡಿಗೆ ಒಂದು ರೆಸಿಸ್ಟರ್ ಇರುತ್ತದೆ, ಅದು ಸುಟ್ಟುಹೋದರೆ ತುಂಬಾ ಬಿಸಿಯಾದ ಮೇಲಷ್ಟೇ ಫ್ಯಾನ್ ಒಮ್ಮೆಲೇ ಜೋರಾಗಿ ಶುರುವಾಗುತ್ತದೆ. ಇನ್ನೂ ಒಂದಿದೆ. ಹೊರಗೆ ಎಲ್ಲೋ ಮೋಟರ್ ಬದಲಾಯಿಸಿದಾಗ ವೈರ್ ಅದಲುಬದಲು ಮಾಡಿ ಕೊಟ್ಟಿರುತ್ತಾರೆ. ಫ್ಯಾನ್ ಉಲ್ಟಾ ತಿರುಗುತ್ತದೆ, ಎಂಜಿನ್ ಬಿಸಿ ಗಾಳಿಯನ್ನೇ ಮುಂದಕ್ಕೆ ತಳ್ಳುತ್ತದೆ. ಅಂಥ ಗಾಡಿಗಳು ನನ್ನ ಹತ್ತಿರ ಬಂದಿವೆ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಗಾಡಿ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ. ಎಂಜಿನ್ ಸ್ಟಾರ್ಟ್ ಮಾಡಿ ಎಸಿ ಹಾಕಿ. ಹೆಚ್ಚಿನ ಕಾರುಗಳಲ್ಲಿ ಎಸಿ ಹಾಕಿದ ಸ್ವಲ್ಪ ಹೊತ್ತಿಗೆ ಫ್ಯಾನ್ ಶುರುವಾಗಲೇಬೇಕು. ಈಗ ನೋಟ್‌ಬುಕ್‌ನ ಒಂದು ಹಾಳೆಯನ್ನು ಮುಂದಿನ ಗ್ರಿಲ್ ಮೇಲಿಟ್ಟು ಕೈ ಬಿಡಿ. ಅಂಟಿಕೊಂಡು ನಿಂತರೆ ಗಾಳಿ ಚೆನ್ನಾಗಿ ಎಳೆಯುತ್ತಿದೆ. ಜಾರಿ ಬಿದ್ದರೆ ಎಳೆಯುತ್ತಿಲ್ಲ. ಹೊರಕ್ಕೆ ಹಾರಿದರೆ ಫ್ಯಾನ್ ಉಲ್ಟಾ. ಬಾನೆಟ್ ಒಳಗೆ ಕೈ ಹಾಕಬೇಡಿ. ಎಂಜಿನ್ ಆಫ್ ಮಾಡಿದ ಮೇಲೂ ಕರೆಂಟ್ ಫ್ಯಾನ್ ತಾನಾಗಿ ತಿರುಗಬಹುದು. ಸೀರೆ ಸೆರಗು, ವೇಲ್ ದೂರ ಇರಲಿ.

ಕುಣಿಗಲ್ ರಸ್ತೆ

ಸಾರ್, ಹಾಗಾದರೆ ಥರ್ಮೋಸ್ಟಾಟ್ ತೆಗೆದು ಓಡಿಸಿದ ಅಷ್ಟು ಜನಕ್ಕೆ ಏನೂ ಆಗಲಿಲ್ಲವಲ್ಲ?

ಶಿರಾಗೇಟ್ ಮೆಕ್ಯಾನಿಕ್

ಆಗುತ್ತದೆ ಸಾರ್, ನಿಧಾನವಾಗಿ ಆಗುತ್ತದೆ. ಥರ್ಮೋಸ್ಟಾಟ್ 82ರಿಂದ 88 ಡಿಗ್ರಿ ಆಸುಪಾಸಿನಲ್ಲಿ ತೆರೆದುಕೊಳ್ಳುತ್ತದೆ, ಅದರ ಮೇಲೆಯೇ ಅಂಕಿ ಒತ್ತಿರುತ್ತಾರೆ. ಅಲ್ಲಿವರೆಗೆ ನೀರನ್ನು ಎಂಜಿನ್ ಒಳಗೇ ಸುತ್ತಿಸಿ ಬೇಗ ಬಿಸಿ ಮಾಡುತ್ತದೆ. ಅದನ್ನು ತೆಗೆದರೆ ಡಿಸೆಂಬರ್ ಬೆಳಿಗ್ಗೆ ಎಂಜಿನ್ ಬಿಸಿಯಾಗುವುದೇ ಇಲ್ಲ. ಈಗಿನ ಗಾಡಿಗಳಲ್ಲಿ ಕಂಪ್ಯೂಟರ್ ಇರುತ್ತದೆ. ಎಂಜಿನ್ ಇನ್ನೂ ತಣ್ಣಗಿದೆ ಎಂದುಕೊಂಡು ಅದು ಪೆಟ್ರೋಲ್ ಜಾಸ್ತಿ ಕೊಡುತ್ತಲೇ ಇರುತ್ತದೆ. ಮೈಲೇಜ್ ಬೀಳುತ್ತದೆ, ಆಯಿಲ್ ಹಾಳಾಗುತ್ತದೆ, ಎಂಜಿನ್ ಸವೆತ ಹೆಚ್ಚುತ್ತದೆ.

ಇನ್ನೊಂದು ಮಾತು. ಈಗಿನ ಬಹಳ ಎಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ತೆರೆದಾಗ ಬೈಪಾಸ್ ದಾರಿಯನ್ನು ಅದೇ ಮುಚ್ಚುತ್ತದೆ. ತೆಗೆದುಬಿಟ್ಟರೆ ಆ ದಾರಿ ತೆರೆದೇ ಇರುತ್ತದೆ. ಒಂದಷ್ಟು ನೀರು ರೇಡಿಯೇಟರ್‌ಗೆ ಹೋಗದೆ ವಾಪಸ್ ಬರುತ್ತದೆ. ಬಿಸಿ ಕಡಿಮೆಯಾಗಲಿ ಎಂದು ತೆಗೆಸಿದ ಗಾಡಿ ಇನ್ನೂ ಜಾಸ್ತಿ ಬಿಸಿಯಾಗುತ್ತದೆ. ಅನುಮಾನ ಇದ್ದರೆ ಬಿಚ್ಚಿ, ಪಾತ್ರೆಯ ನೀರಿಗೆ ಹಾಕಿ ಕಾಯಿಸಿ ನೋಡಿ. ತೆರೆಯದಿದ್ದರೆ ಹೊಸದು ಹಾಕಿ. ಖಾಲಿ ಬಿಡುವುದು ರಿಪೇರಿ ಅಲ್ಲ. ಈ ವಿಷಯದಲ್ಲಿ ನಾನು ರಾಜಿಯಾಗುವುದಿಲ್ಲ.

ಕುಣಿಗಲ್ ರಸ್ತೆ

ಬೈಪಾಸ್ ವಿಷಯ ಹೇಳಿದ್ದು ಒಳ್ಳೆಯದಾಯಿತು ಸಾರ್. ಹೊಸ ಗಾಡಿಗೆ ನಿಮ್ಮ ಮಾತೇ ಸರಿ.

ಚಿಕ್ಕಬಳ್ಳಾಪುರ ಕ್ಯಾಬ್

ರಿಪೇರಿ ಆಗುವವರೆಗೆ ದಾರಿಯಲ್ಲಿ ಏನು ಮಾಡಬೇಕು ಅಂತ ನಾನು ಹೇಳುತ್ತೇನೆ. ನಂದಿಬೆಟ್ಟಕ್ಕೆ ಬಾಡಿಗೆ ಹೊಡೆಯುವವರು ನಾವು. ಭಾನುವಾರ ಬೆಳಗಿನ ಜಾವದಲ್ಲಿ ಬೆಟ್ಟದ ತಿರುವುಗಳಲ್ಲಿ ಸಾಲು ನಿಂತರೆ, ಏರಿನಲ್ಲಿ ಫಸ್ಟ್ ಗೇರು, ಹಾಫ್ ಕ್ಲಚ್, ಒಳಗೆ ಐದು ಜನ, ಎಸಿ. ಗಾಳಿ ಇಲ್ಲ, ಎಂಜಿನ್‌ಗೆ ಕೆಲಸ ಮಾತ್ರ ಪೂರ್ತಿ. ಬಾನೆಟ್ ಎತ್ತಿಕೊಂಡು ಪಕ್ಕದಲ್ಲಿ ನಿಂತ ಗಾಡಿಗಳನ್ನು ಅಲ್ಲಿ ನೋಡುತ್ತಲೇ ಇರುತ್ತೇವೆ.

ಮುಳ್ಳು ಅರ್ಧ ದಾಟಿದ ತಕ್ಷಣ ಎಸಿ ಆಫ್ ಮಾಡಿ. ಗಾಜು ಇಳಿಸಿ. ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ, ಬ್ಲೋವರ್ ಜೋರಾಗಿ ಇಡಿ. ಸೆಖೆಯಾಗುತ್ತದೆ, ಬೆವರು ಸುರಿಯುತ್ತದೆ, ಆದರೂ ಮಾಡಿ. ಡ್ಯಾಶ್‌ಬೋರ್ಡ್ ಒಳಗಿನ ಹೀಟರ್ ಕೂಡ ಒಂದು ಸಣ್ಣ ರೇಡಿಯೇಟರೇ. ಎಂಜಿನ್ ನೀರು ಅದರಲ್ಲೂ ಹರಿಯುತ್ತದೆ, ಅಷ್ಟು ಬಿಸಿ ಹೊರಗೆ ಬಂತು ಎಂದೇ ಲೆಕ್ಕ. ಮುಂದಿನ ಗಾಡಿಗೆ ಅಂಟಿಕೊಂಡು ನಿಲ್ಲಬೇಡಿ, ಅದರ ಸೈಲೆನ್ಸರ್ ಬಿಸಿ ನೇರ ನಿಮ್ಮ ಗ್ರಿಲ್‌ಗೆ ಬರುತ್ತದೆ. ಜಾಗ ಬಿಟ್ಟು ನಿಂತು, ಸ್ವಲ್ಪ ಜಾಗ ಆದ ಮೇಲೆ ಒಂದೇ ಸಲ ಮುಂದಕ್ಕೆ ಹೋಗಿ. ಹಾಫ್ ಕ್ಲಚ್‌ನಲ್ಲಿ ಇಂಚಿಂಚು ತೆವಳಬೇಡಿ. ನಿಂತಾಗ ನ್ಯೂಟ್ರಲ್ ಮಾಡಿ ಆಕ್ಸಿಲರೇಟರ್ ಒಂಚೂರು ಒತ್ತಿ ಹಿಡಿದರೆ ವಾಟರ್ ಪಂಪ್ ಜೋರಾಗಿ ತಿರುಗುತ್ತದೆ, ನೀರು ಬೇಗ ಸುತ್ತುತ್ತದೆ.

ಇಷ್ಟಾದರೂ ಕೆಂಪಿಗೆ ಹೋಯಿತು, ಆವಿ ಬಂತು, ಕೆಂಪು ದೀಪ ಹತ್ತಿತು ಎಂದರೆ ಮುಂದೆ ಯೋಚನೆ ಮಾಡುವುದೇನೂ ಇಲ್ಲ. ಪಕ್ಕಕ್ಕೆ ಹಾಕಿ ಎಂಜಿನ್ ಆಫ್ ಮಾಡಿ. "ಇನ್ನೊಂದು ಕಿಲೋಮೀಟರ್ ಅಷ್ಟೇ, ಮನೆ ಬಂತು" ಎನ್ನುವ ಆ ಒಂದು ಕಿಲೋಮೀಟರ್‌ನಲ್ಲೇ ಎಂಜಿನ್ನಿನ ಮೇಲ್ಭಾಗ, ಅಂದರೆ ಹೆಡ್, ಹೋಗುವುದು.

ಶಿರಾಗೇಟ್ ಮೆಕ್ಯಾನಿಕ್

ಕ್ಯಾಬ್ ಅಣ್ಣ ಸರಿಯಾಗಿ ಹೇಳಿದ್ದಾರೆ. ನಿಲ್ಲಿಸಿದ ಮೇಲೆ ಮಾಡಬಾರದ್ದು ಎರಡಿವೆ. ರೇಡಿಯೇಟರ್ ಕ್ಯಾಪ್ ಬಿಚ್ಚಬಾರದು. ಒಳಗೆ ಪ್ರೆಶರ್ ಇರುತ್ತದೆ, ಕುದಿಯುವ ನೀರು ಮುಖಕ್ಕೆ, ಎದೆಗೆ ಎರಚುತ್ತದೆ. ಬಟ್ಟೆ ಹಿಡಿದು ನಿಧಾನವಾಗಿ ಬಿಚ್ಚುತ್ತೇನೆ ಎನ್ನುವವರೂ ಸುಟ್ಟುಕೊಂಡಿದ್ದಾರೆ. ಮೇಲಿನ ಹೋಸ್ ಕೈಯಲ್ಲಿ ಹಿಡಿಯುವಷ್ಟು ತಣ್ಣಗಾಗಬೇಕು, ಹಿಸುಕಿದರೆ ಮೆತ್ತಗಿರಬೇಕು. ಅದಕ್ಕೆ ಅರ್ಧ ಗಂಟೆಗೂ ಜಾಸ್ತಿ ಬೇಕು. ಎರಡನೆಯದು, ಬಿಸಿ ಎಂಜಿನ್ ಮೇಲೆ ಬಕೆಟ್ ನೀರು ಸುರಿಯಬಾರದು. ಹೆಡ್ ಅಲ್ಯೂಮಿನಿಯಂದು, ಬಿರುಕು ಬಿಡುತ್ತದೆ.

ಬಾನೆಟ್ ಎತ್ತಿ ಕಾಯಿರಿ, ಅಷ್ಟೇ.

ಕೋಲಾರ ಬೋರ್‌ವೆಲ್

ನೀರಿನ ಮಾತು ಬಂದಿದ್ದಕ್ಕೆ ಬರೆಯುತ್ತಿದ್ದೇನೆ. ನಮ್ಮ ಜಿಲ್ಲೆಯಲ್ಲಿ ಇದು ದೊಡ್ಡ ವಿಷಯ. ಇಲ್ಲಿ ಬೋರ್‌ವೆಲ್ ಸಾವಿರ ಅಡಿ ದಾಟುತ್ತದೆ. ಫ್ಲೋರೈಡ್ ವಿಷಯ ಎಲ್ಲರಿಗೂ ಗೊತ್ತು, ಆದರೆ ಅದು ಹಲ್ಲು, ಮೂಳೆಗೆ ಮಾಡುವ ತೊಂದರೆ. ರೇಡಿಯೇಟರ್ ಕೊಲ್ಲುವುದು ಅದೇ ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ. ಮನೆಯ ಗೀಸರ್ ಕಾಯಿಲ್ ಮೇಲೆ ಬಿಳಿ ಪದರ ಕಟ್ಟುತ್ತದಲ್ಲ, ರೇಡಿಯೇಟರ್ ಟ್ಯೂಬ್ ಒಳಗೆ ಕಟ್ಟುವುದೂ ಅದೇ. ನನ್ನ ಹಳೆಯ ಡೀಸೆಲ್ ಜೀಪಿನ ರೇಡಿಯೇಟರನ್ನು ಕೋಲಾರದ ಒಂದು ಅಂಗಡಿಯಲ್ಲಿ ಎದುರಿಗೇ ಬಿಚ್ಚಿಸಿದೆ. ಮೇಲಿನ ಟ್ಯಾಂಕ್ ಬೆಸುಗೆ ಬಿಡಿಸಿ ಎತ್ತಿದರು. ಒಳಗೆ ಚಪ್ಪಟೆ ಟ್ಯೂಬುಗಳ ಬಾಯಿ ಸಾಲಾಗಿ ಕಾಣಿಸಬೇಕು. ಅರ್ಧಕ್ಕಿಂತ ಹೆಚ್ಚಿನ ಬಾಯಿಗಳು ಬಿಳಿ ಸುಣ್ಣದಲ್ಲಿ ಮುಚ್ಚಿದ್ದವು, ಉಳಿದವುಗಳಲ್ಲಿ ತುಕ್ಕಿನ ಕೆಸರು. ಅವರು ತೆಳ್ಳನೆಯ ಸ್ಟೀಲ್ ಪಟ್ಟಿಯನ್ನು ಒಂದೊಂದು ಟ್ಯೂಬಿಗೂ ತೂರಿಸಿ ಕೆರೆದು ತೆಗೆದರು.

ಆ ಕೆಲಸ ಹಿತ್ತಾಳೆ, ತಾಮ್ರದ ಹಳೆಯ ರೇಡಿಯೇಟರ್‌ಗೆ ನಡೆಯುತ್ತದೆ. ಈಗಿನವು ಅಲ್ಯೂಮಿನಿಯಂ, ಮೇಲೆ ಪ್ಲಾಸ್ಟಿಕ್ ಟ್ಯಾಂಕ್ ಒತ್ತಿ ಕೂರಿಸಿರುತ್ತಾರೆ. ಬಿಚ್ಚಿ ಕೆರೆಯುವುದು ಕಷ್ಟ, ಕಟ್ಟಿಕೊಂಡರೆ ಬಹಳ ಸಲ ಬದಲಾಯಿಸುವುದೇ ದಾರಿ. ಹಾಗಾಗಿ ದಯವಿಟ್ಟು ನಲ್ಲಿ ನೀರು, ಬೋರ್ ನೀರು ಹಾಕಬೇಡಿ. ದಾರಿಯಲ್ಲಿ ಬೇರೆ ಗತಿ ಇಲ್ಲದೆ ಹಾಕಿದರೆ ಮನೆಗೆ ಬಂದ ಮೇಲೆ ಪೂರ್ತಿ ಇಳಿಸಿ, ಡಿಸ್ಟಿಲ್ಡ್ ವಾಟರ್‌ನಲ್ಲಿ ತೊಳೆದು, ಕೂಲೆಂಟ್ ತುಂಬಿಸಿ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಎಲ್ಲಾ ಕಡೆ ಸಿಗುತ್ತದೆ. ಒಂದು ಕ್ಯಾನ್ ಡಿಕ್ಕಿಯಲ್ಲಿ ಇಟ್ಟುಕೊಳ್ಳಿ.

ಪಾವಗಡ

ನಮ್ಮ ಕಡೆಯೂ ಇದೇ ನೀರು. ಒಂದು ಪ್ರಶ್ನೆ. ಕೂಲೆಂಟ್ ಹಸಿರು, ಕೆಂಪು, ನೀಲಿ ಎಂದೆಲ್ಲಾ ಬರುತ್ತದೆ. ಯಾವುದಾದರೂ ನಡೆಯುತ್ತದಾ?

ಶಿರಾಗೇಟ್ ಮೆಕ್ಯಾನಿಕ್

ಬಣ್ಣ ನಂಬಬೇಡಿ. ಒಂದೊಂದು ಕಂಪನಿ ಒಂದೊಂದು ಬಣ್ಣ ಹಾಕುತ್ತದೆ. ಗಾಡಿಯ ಪುಸ್ತಕದಲ್ಲಿ ಯಾವ ಬಗೆ ಎಂದು ಬರೆದಿದೆಯೋ ಅದೇ ತನ್ನಿ, ಎರಡು ಬಗೆ ಬೆರೆಸಬೇಡಿ. ಡಬ್ಬಿಯ ಮೇಲೆ ರೆಡಿ ಟು ಯೂಸ್ ಎಂದಿದ್ದರೆ ಹಾಗೇ ಹಾಕಿ. ಗಟ್ಟಿ ಕೂಲೆಂಟ್ ಆದರೆ ಡಿಸ್ಟಿಲ್ಡ್ ವಾಟರ್ ಸಮಸಮ ಬೆರೆಸಿ. ಬರೀ ಕೂಲೆಂಟ್ ಸುರಿದರೆ ಇನ್ನೂ ತಣ್ಣಗಿರುತ್ತದೆ ಎಂದು ಕೆಲವರು ತಿಳಿದಿದ್ದಾರೆ. ಅದು ತಪ್ಪು. ಬಿಸಿ ಹೊರುವ ಶಕ್ತಿ ನೀರಿಗೇ ಜಾಸ್ತಿ. ಕೂಲೆಂಟ್ ಇರುವುದು ತುಕ್ಕು, ಸುಣ್ಣ ತಡೆಯಲು, ಕುದಿಯುವ ಮಟ್ಟ ಏರಿಸಲು.

ಇಳಿಸಿದ ಹಳೆಯ ಕೂಲೆಂಟನ್ನು ಮೋರಿಗೆ, ಅಂಗಳಕ್ಕೆ ಚೆಲ್ಲಬೇಡಿ. ಅದು ಸಿಹಿಯಾಗಿರುತ್ತದೆ, ನಾಯಿ, ದನ ನೆಕ್ಕುತ್ತವೆ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ವಿಷ, ಪ್ರಾಣ ಹೋಗುತ್ತದೆ. ಮಕ್ಕಳ ಕೈಗೂ ಸಿಗಬಾರದು.

ಬಟವಾಡಿ ಟೀಚರ್

ಅಣ್ಣಾ, ಪೇಪರ್ ಪರೀಕ್ಷೆ ಮಾಡಿದೆ. ಎಸಿ ಹಾಕಿದ ಸ್ವಲ್ಪದರಲ್ಲೇ ಫ್ಯಾನ್ ಶುರುವಾಯಿತು. ಸದ್ದು ಚೆನ್ನಾಗಿಯೇ ಇದೆ. ಹಾಳೆಯನ್ನು ಎಡಗಡೆ ಇಟ್ಟಾಗ ಸ್ವಲ್ಪ ಹಿಡಿದುಕೊಂಡಿತು. ನಡುವೆ ಮತ್ತು ಬಲಗಡೆ ನಿಲ್ಲಲೇ ಇಲ್ಲ, ಜಾರಿ ಬಿತ್ತು. ಹೊರಕ್ಕೆ ಹಾರಲಿಲ್ಲ. ಮನೆಯವರು ಮೊಬೈಲ್ ಟಾರ್ಚ್ ಹಾಕಿ ಗ್ರಿಲ್ ಒಳಗೆ ನೋಡಿದರು. ಎದುರಿಗೆ ಕಾಣುವ ಜಾಲರಿ ಚೊಕ್ಕಟವಾಗಿಯೇ ಇದೆ. ಹೋದ ವಾರ ವಾಟರ್ ಸರ್ವಿಸ್ ಕೂಡ ಆಗಿದೆ.

ಶಿರಾಗೇಟ್ ಮೆಕ್ಯಾನಿಕ್

ಎದುರಿಗೆ ಕಂಡಿದ್ದು ಎಸಿಯ ಕಂಡೆನ್ಸರ್, ಎಸಿ ಗ್ಯಾಸಿನ ಬಿಸಿ ಹೊರಹಾಕುವ ಜಾಲರಿ. ರೇಡಿಯೇಟರ್ ಅದರ ಹಿಂದೆ ಇರುತ್ತದೆ. ಎರಡರ ನಡುವೆ ಬೆರಳಗಲದ ಸಂದು. ಗ್ರಿಲ್‌ನಿಂದ ಹೊಕ್ಕ ಕಸ ಕಂಡೆನ್ಸರ್ ಸಂದಿನಿಂದ, ಪಕ್ಕದಿಂದ, ಮೇಲಿನಿಂದ ಒಳಗೆ ಹೋಗಿ ಅಲ್ಲಿ ಕೂರುತ್ತದೆ. ಹೊರಗಿನಿಂದ ಎಷ್ಟು ನೀರು ಹೊಡೆದರೂ ಹೋಗುವುದಿಲ್ಲ, ಒದ್ದೆಯಾಗಿ ಇನ್ನೂ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಫ್ಯಾನ್ ಸದ್ದು ಇದೆ, ಗಾಳಿ ಎಳೆಯುತ್ತಿಲ್ಲ, ಅದರಲ್ಲೂ ಒಂದು ಕಡೆ ಎಳೆದು ಇನ್ನೊಂದು ಕಡೆ ಎಳೆಯುತ್ತಿಲ್ಲ. ನನ್ನ ಅನುಮಾನ ಆ ಸಂದಿನ ಮೇಲೆ.

ಮೇಡಂ, ಒಂದು ಕೇಳುತ್ತೇನೆ. ಸಂಕ್ರಾಂತಿ ಆದ ಮೇಲೆ ಶುರುವಾಯಿತು ಎಂದಿರಿ. ಕೊರಟಗೆರೆ ಕಡೆ ಒಳರಸ್ತೆಯಲ್ಲಿ ಹೋಗುತ್ತೀರಾ? ರಸ್ತೆ ಮೇಲೆ ಒಕ್ಕಣೆ ಹಾಕಿರುತ್ತಾರಾ?

ಬಟವಾಡಿ ಟೀಚರ್

ಹೌದು ಅಣ್ಣಾ! ಶಾಲೆಯ ದಾರಿಯಲ್ಲಿ ಡಿಸೆಂಬರ್‌ನಿಂದ ರಾಗಿ, ಆಮೇಲೆ ಹುರುಳಿ. ಅದರ ಮೇಲೇ ಹೋಗಬೇಕು, ಬೇರೆ ದಾರಿ ಇಲ್ಲ.

ಮಧುಗಿರಿ ಬೆಟ್ಟ

ನಮ್ಮ ಕಡೆ ರಾಗಿ ಕೊಯ್ಲು ಮುಗಿದ ಮೇಲೆ ಎಷ್ಟೋ ಹಳ್ಳಿಗಳಲ್ಲಿ ರಸ್ತೆಯೇ ಕಣ. ರೈತರ ಕಷ್ಟ ನನಗೂ ಗೊತ್ತು, ನಾವೂ ಬೆಳೆಯುವವರೇ. ಕೂಲಿಗೆ ಜನ ಸಿಗುವುದಿಲ್ಲ, ಕಣ ಮಾಡಲು ಜಾಗ ಇಲ್ಲ, ಎಲ್ಲರಿಗೂ ಒಕ್ಕಣೆ ಮೆಷಿನ್ ಬಾಡಿಗೆ ಕೊಡಲು ಆಗುವುದಿಲ್ಲ. ಆದರೂ ಹೇಳಬೇಕು, ಇದು ಅಪಾಯ. ಬೈಕ್‌ಗಳು ಜಾರುತ್ತವೆ. ಹುರುಳಿ ಬಳ್ಳಿ ಉದ್ದ, ಚಕ್ರಕ್ಕೆ, ಆಕ್ಸಲ್‌ಗೆ ಸುತ್ತಿಕೊಳ್ಳುತ್ತದೆ. ಸೈಲೆನ್ಸರ್ ಬಿಸಿಗೆ ಹೊತ್ತಿಕೊಂಡು ಕಾರುಗಳೇ ಸುಟ್ಟುಹೋದ ಸುದ್ದಿ ಓದಿದ್ದೇವೆ. ಟೀಚರ್, ಒಕ್ಕಣೆ ಮೇಲೆ ಹೋಗಲೇಬೇಕಾದರೆ ನಿಧಾನವಾಗಿ ಹೋಗಿ. ದಾಟಿದ ಮೇಲೆ ಒಂದು ಕಡೆ ನಿಲ್ಲಿಸಿ ಗಾಡಿ ಕೆಳಗೆ ಬಗ್ಗಿ ನೋಡಿ. ಹುಲ್ಲು ಸಿಕ್ಕಿದ್ದರೆ ಆಗಲೇ ಎಳೆದು ತೆಗೆಯಿರಿ. ಸುಟ್ಟ ವಾಸನೆ ಬಂದರೆ ಎಲ್ಲರೂ ಮೊದಲು ಕೆಳಗಿಳಿಯಿರಿ.

ಶಿರಾಗೇಟ್ ಮೆಕ್ಯಾನಿಕ್

ಮುಂದಿನ ಬಂಪರ್ ಬಿಚ್ಚಿ, ಕಂಡೆನ್ಸರ್‌ನ ಬೋಲ್ಟ್ ಸಡಿಲ ಮಾಡಿ, ಮುಂದಕ್ಕೆ ವಾಲಿಸಿ ನೋಡಲು ಹೇಳಿ. ಎಸಿ ಪೈಪ್ ಬಿಚ್ಚಬಾರದು, ಗ್ಯಾಸ್ ಹೋಗುತ್ತದೆ. ನಿಧಾನವಾಗಿ ವಾಲಿಸಿದರೆ ಪೈಪ್ ಬಿಚ್ಚದೆಯೇ ಕೈ ಹೋಗುವಷ್ಟು ಜಾಗ ಆಗುತ್ತದೆ. ಮೊದಲು ಒಣಗಿದ ಕಸವನ್ನು ಕೈಯಲ್ಲಿ, ಮೆತ್ತನೆಯ ಬ್ರಷ್‌ನಲ್ಲಿ ತೆಗೆಯಬೇಕು. ಆಮೇಲೆ ಎಂಜಿನ್ ಕಡೆಯಿಂದ ಮುಂದಕ್ಕೆ ಕಡಿಮೆ ಪ್ರೆಶರ್ ಗಾಳಿ, ಕೊನೆಗೆ ಪೈಪಿನ ನೀರು. ವಾಟರ್ ಸರ್ವಿಸ್‌ನ ಗನ್ ಹತ್ತಿರದಿಂದ ಹೊಡೆಯಬಾರದು. ಜಾಲರಿಯ ತಗಡಿನ ಪಟ್ಟಿಗಳು, ಅಂದರೆ ಫಿನ್ಸ್, ಕಾಗದದಷ್ಟು ತೆಳ್ಳಗಿರುತ್ತವೆ, ಮಡಚಿಕೊಂಡರೆ ಅಲ್ಲಿ ಗಾಳಿ ಪೂರ್ತಿ ಬಂದ್.

ಕೆಲಸ ಆಗುವಾಗ ನೀವೂ ಹತ್ತಿರ ನಿಂತು ನೋಡಿ. ಫ್ಯಾನ್ ಸುತ್ತಲಿನ ಪ್ಲಾಸ್ಟಿಕ್ ಕವರ್ ವಾಪಸ್ ಹಾಕುವುದನ್ನು ಮರೆಯಬಾರದು. ಅದಿಲ್ಲದಿದ್ದರೆ ಫ್ಯಾನ್ ರೇಡಿಯೇಟರ್ ಮೂಲಕ ಗಾಳಿ ಎಳೆಯುವುದಿಲ್ಲ, ಪಕ್ಕದ ಗಾಳಿಯನ್ನೇ ಸುತ್ತಿಸುತ್ತದೆ.

ಬಟವಾಡಿ ಟೀಚರ್

ಅಣ್ಣಾ, ನೀವು ಹೇಳಿದ ಜಾಗದಲ್ಲೇ ಇತ್ತು.

ಅಂತರಸನಹಳ್ಳಿ ಹತ್ತಿರ ಪರಿಚಯದವರ ಗ್ಯಾರೇಜ್‌ನಲ್ಲಿ ಬಂಪರ್ ಬಿಚ್ಚಿಸಿದೆವು. ಕಂಡೆನ್ಸರ್ ವಾಲಿಸಿದಾಗ ಹಿಂದಿನ ರೇಡಿಯೇಟರ್‌ನ ಬಲಗಡೆ ಕೆಳಗಿನ ಭಾಗ ಕಾಣಿಸಲೇ ಇಲ್ಲ. ಮೇಲೆ ಒಂದು ದಪ್ಪ ಪದರ. ಹುಡುಗ ಉಗುರಿನಿಂದ ತುದಿ ಎಬ್ಬಿಸಿ ಎಳೆದ, ಚಾಪೆಯ ಹಾಗೆ ಒಂದೇ ತುಂಡಾಗಿ ಎದ್ದು ಬಂತು. ಒಳಮುಖದಲ್ಲಿ ಫಿನ್ಸ್‌ನ ಗೆರೆಗಳು ಅಚ್ಚೊತ್ತಿದ್ದವು. ರಾಗಿ ಹೊಟ್ಟು, ಹುರುಳಿಯ ಒಣಗಿದ ಸಿಪ್ಪೆ, ಎಕ್ಕದ ಕಾಯಿಯ ಬಿಳಿ ನಾರು, ಸತ್ತ ಚಿಟ್ಟೆ, ಜೀರುಂಡೆ, ಎಲ್ಲವೂ ಕೆಂಪು ಧೂಳಿನಲ್ಲಿ ಕಲಸಿ ಒಣಗಿತ್ತು. ಪುಡಿ ಮಾಡಿದರೆ ಕೈಯಲ್ಲಿ ರಾಗಿ ಕಾಳುಗಳೇ ಸಿಕ್ಕವು. ಕಂಡೆನ್ಸರ್‌ನ ಕೆಳಭಾಗದಲ್ಲಿ ವಾಟರ್ ಸರ್ವಿಸ್ ಗನ್‌ಗೆ ಮಡಚಿಕೊಂಡ ಫಿನ್ಸ್ ಇದ್ದವು. ಸಣ್ಣ ಬಾಚಣಿಗೆಯಂಥ ಸಾಮಾನಿನಿಂದ ಅವನ್ನೂ ನೆಟ್ಟಗೆ ಮಾಡಿದರು. ಕವರ್ ಹಾಕುವವರೆಗೆ ಪಕ್ಕದಲ್ಲೇ ನಿಂತಿದ್ದೆ.

ಆಮೇಲೆ ಹಾಳೆ ಇಟ್ಟು ನೋಡಿದೆ. ಮೂರೂ ಕಡೆ ಅಂಟಿಕೊಂಡು ನಿಂತಿತು. ಸಂಜೆ ಬಿ.ಎಚ್. ರಸ್ತೆಯಲ್ಲಿ ಎಸಿ ಹಾಕಿಕೊಂಡೇ ಹೋದೆ, ಮುಳ್ಳು ಅರ್ಧದಲ್ಲೇ ಇತ್ತು. ಎಸಿಯೂ ಮೊದಲಿಗಿಂತ ತಣ್ಣಗೆ ಬರುತ್ತಿದೆ. ರೇಡಿಯೇಟರ್ ಬದಲಾಯಿಸಲಿಲ್ಲ. ಗಾಡಿ ನೋಡದೆಯೇ ಇಷ್ಟು ಕಾಳಜಿಯಿಂದ ದಾರಿ ತೋರಿಸಿದಿರಿ, ತುಂಬಾ ಧನ್ಯವಾದ.

ಶಿರಾಗೇಟ್ ಮೆಕ್ಯಾನಿಕ್

ಸಂತೋಷ ಮೇಡಂ. ಎಸಿ ತಣ್ಣಗಾಗಿದ್ದೂ ಅದೇ ಗಾಳಿಯಿಂದ. ಸುಗ್ಗಿ ಮುಗಿದ ಮೇಲೆ ಪ್ರತಿ ವರ್ಷ ಒಮ್ಮೆ ಆ ಸಂದು ನೋಡಿಸಿ. ಗ್ರಿಲ್‌ಗೆ ಸೊಳ್ಳೆ ಪರದೆಯಂಥ ಸಣ್ಣ ಜಾಲರಿ ಕಟ್ಟಿಸಬೇಡಿ. ಕಸ ತಡೆಯುತ್ತದೆ ನಿಜ, ಗಾಳಿಯನ್ನೂ ತಡೆಯುತ್ತದೆ.

ತಿಪಟೂರು ಕಲ್ಪತರು

ನನ್ನ ಕಾರಿನಲ್ಲಿ ಮುಳ್ಳೇ ಇಲ್ಲ. ನೀಲಿ ದೀಪ, ಕೆಂಪು ದೀಪ ಅಷ್ಟೇ. ಮನಸ್ಸಿಗೆ ಸಮಾಧಾನ ಇಲ್ಲದೆ ಗಾಡಿಯ ಕಂಪ್ಯೂಟರ್‌ನ ಮಾಹಿತಿ ಓದುವ ಬ್ಲೂಟೂತ್ ಒಬಿಡಿ ಸ್ಕ್ಯಾನರ್ ತಂದು ಸ್ಟಿಯರಿಂಗ್ ಕೆಳಗಿನ ಪಾಯಿಂಟಿಗೆ ಚುಚ್ಚಿ ಮೊಬೈಲ್‌ನಲ್ಲಿ ನೋಡುತ್ತಿದ್ದೇನೆ. ಹೈವೇಯಲ್ಲಿ 88, 90. ಪೇಟೆಯಲ್ಲಿ ನಿಂತಾಗ 102ರವರೆಗೆ ಹೋಗಿ, ಫ್ಯಾನ್ ಶುರುವಾಗಿ 94ಕ್ಕೆ ಇಳಿಯುತ್ತದೆ, ಮತ್ತೆ ಏರುತ್ತದೆ. ನೀರು 100ಕ್ಕೇ ಕುದಿಯುತ್ತದಲ್ಲವಾ? ಭಯವಾಗುತ್ತಿದೆ.

ಶಿರಾಗೇಟ್ ಮೆಕ್ಯಾನಿಕ್

ಭಯ ಬೇಡ ಸಾರ್, ನಿಮ್ಮ ಗಾಡಿ ಆರೋಗ್ಯವಾಗಿದೆ. ಏರಿ ಇಳಿಯುವುದೇ ಸರಿಯಾದ ಲಕ್ಷಣ. ಏರಿದ್ದು ಇಳಿಯದೆ 105, 108, 110 ಅಂತ ಹೋಗುತ್ತಲೇ ಇದ್ದರೆ ನಿಲ್ಲಿಸಬೇಕು.

ಕುದಿಯುವ ಲೆಕ್ಕ ಹೇಳುತ್ತೇನೆ. ತುಮಕೂರು ಸಮುದ್ರ ಮಟ್ಟದಿಂದ 800 ಮೀಟರ್‌ಗೂ ಮೇಲಿದೆ. ನಮ್ಮಲ್ಲಿ ತೆರೆದ ಪಾತ್ರೆಯ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಆದರೆ ರೇಡಿಯೇಟರ್ ತೆರೆದ ಪಾತ್ರೆ ಅಲ್ಲ. ಅದರ ಕ್ಯಾಪ್‌ನಲ್ಲಿ ಸ್ಪ್ರಿಂಗ್ ಇದೆ, ಮೇಲೆ 0.9 ಅಥವಾ 1.1 ಎಂದು ಪ್ರೆಶರ್ (ಬಾರ್ ಲೆಕ್ಕದಲ್ಲಿ) ಬರೆದಿರುತ್ತದೆ. ಅಷ್ಟು ಪ್ರೆಶರ್ ಬರುವವರೆಗೆ ಒಳಗೇ ಹಿಡಿದಿಡುತ್ತದೆ. ಆಗ ಬರೀ ನೀರಾದರೂ 118, 120ರ ಹತ್ತಿರ ಹೋಗುವವರೆಗೆ ಕುದಿಯುವುದಿಲ್ಲ. ಕೂಲೆಂಟ್ ಬೆರೆತಿದ್ದರೆ ಇನ್ನೂ ಮೇಲೆ.

ಈ ಕಾರಣಕ್ಕೇ ಕ್ಯಾಪ್ ಸಣ್ಣ ವಸ್ತು ಎಂದು ಬಿಡಬಾರದು. ರಬ್ಬರ್ ಒಣಗಿ ಬಿರಿದಿದ್ದರೆ, ಸ್ಪ್ರಿಂಗ್ ಸೋತಿದ್ದರೆ ಪ್ರೆಶರ್ ನಿಲ್ಲುವುದಿಲ್ಲ. 100ರ ಸುತ್ತಮುತ್ತಲೇ ಕುದಿಯಲು ಶುರುವಾಗಿ ನೀರು ಬಾಟಲಿಗೆ ಉಕ್ಕುತ್ತದೆ. ಹೊಸದು ತರುವಾಗ ಹಳೆಯದರ ಮೇಲಿನ ಅಂಕಿಯನ್ನೇ ನೋಡಿ ತನ್ನಿ. ಜಾಸ್ತಿ ಅಂಕಿಯದು ಹಾಕಿದರೆ ಹಳೆಯ ಹೋಸ್ ಒಡೆಯುತ್ತದೆ.

ಮುಳ್ಳು ಇರುವವರಿಗೂ ಒಂದು ಮಾತು. ಹಲವು ಕಾರುಗಳಲ್ಲಿ ಮುಳ್ಳನ್ನು ಸುಮ್ನೆ ಅರ್ಧದಲ್ಲಿ ನಿಲ್ಲುವಂತೆ ಮಾಡಿರುತ್ತಾರೆ. ಒಳಗೆ ಹತ್ತಿಪ್ಪತ್ತು ಡಿಗ್ರಿ ಆಚೀಚೆ ಆದರೂ ಅದು ಅಲುಗಾಡುವುದಿಲ್ಲ. ಹಾಗಾಗಿ ಅರ್ಧ ಬಿಟ್ಟು ಮೇಲೆ ಹೊರಟಿತು ಎಂದರೆ ಆಗಲೇ ಸಾಕಷ್ಟು ಬಿಸಿಯಾಗಿದೆ ಎಂದರ್ಥ. ಕೆಂಪಿಗೆ ಹೋಗಲಿ ಎಂದು ಕಾಯಬೇಡಿ.

ಕ್ಯಾತ್ಸಂದ್ರ

ನನ್ನದು ಸ್ವಲ್ಪ ಬೇರೆ. ಟ್ರಾಫಿಕ್‌ನಲ್ಲೂ ಬಿಸಿ, ಓಡಿದಾಗಲೂ ಬಿಸಿ. ಸೋರಿಕೆ ಎಲ್ಲೂ ಕಾಣುವುದಿಲ್ಲ, ಆದರೂ ಕೂಲೆಂಟ್ ಕಡಿಮೆಯಾಗುತ್ತಲೇ ಇದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಬಾಟಲಿಯಲ್ಲಿ ಗುಳ್ಳೆ ಬರುತ್ತದೆ. ಸಿದ್ಧಗಂಗೆ ಜಾತ್ರೆಯ ಸಮಯದಲ್ಲಿ ಜನಸಂದಣಿಯಲ್ಲಿ ಸಿಕ್ಕಿಕೊಂಡು ಒಮ್ಮೆ ಕೆಂಪಿಗೆ ಹೋಗಿತ್ತು, ಆಮೇಲಿಂದ ಹೀಗೆ.

ಶಿರಾಗೇಟ್ ಮೆಕ್ಯಾನಿಕ್

ಸಾರ್, ಈ ಗಾಡಿ ಇನ್ನು ಓಡಿಸಬೇಡಿ. ಹೆಡ್ ಮತ್ತು ಎಂಜಿನ್ ಬ್ಲಾಕ್ ನಡುವಿನ ಸೀಲ್, ಅಂದರೆ ಹೆಡ್ ಗ್ಯಾಸ್ಕೆಟ್, ಹೋಗಿರುವ ಲಕ್ಷಣ. ಸಿಲಿಂಡರ್ ಒಳಗಿನ ಹೊಗೆ ನೀರಿಗೆ ನುಗ್ಗುತ್ತಿದೆ, ಗುಳ್ಳೆ ಅದರದೇ. ಸೈಲೆನ್ಸರ್‌ನಲ್ಲಿ ಬಿಸಿಯಾದ ಮೇಲೂ ಬಿಳಿ ಹೊಗೆ ಬರುತ್ತದೆಯಾ, ಸಿಹಿ ವಾಸನೆ ಇದೆಯಾ ನೋಡಿ. ಆಯಿಲ್ ಗೇಜ್ ಎಳೆದು ನೋಡಿ, ಹಾಲು ಹಾಕಿದ ಕಾಫಿಯ ಬಣ್ಣ ಇದ್ದರೆ ಆಯಿಲ್‌ಗೆ ನೀರು ಸೇರಿದೆ. ಇದ್ಯಾವುದೂ ಇಲ್ಲದಿದ್ದರೂ ಖಚಿತ ಮಾಡಿಕೊಳ್ಳಲು ಒಂದು ಪರೀಕ್ಷೆ ಇದೆ. ರೇಡಿಯೇಟರ್ ಬಾಯಿಯ ಗಾಳಿಯನ್ನು ಒಂದು ನೀಲಿ ದ್ರವದ ಮೂಲಕ ಎಳೆಯುತ್ತಾರೆ. ಹೊಗೆ ಸೇರಿದ್ದರೆ ಅದು ಹಳದಿಗೆ ತಿರುಗುತ್ತದೆ. ಅದು ಮಾಡಿಸದೆ ಎಂಜಿನ್ ಬಿಚ್ಚಲು ಒಪ್ಪಬೇಡಿ.

ಬಿಚ್ಚಿದರೆ ಬರೀ ಗ್ಯಾಸ್ಕೆಟ್ ಬದಲಾಯಿಸಿ ಮುಚ್ಚಬಾರದು. ಹೆಡ್ ಸೊಟ್ಟಗಾಗಿದೆಯಾ ಎಂದು ಅಳೆಯಲೇಬೇಕು. ಸೊಟ್ಟಗಾಗಿದ್ದರೆ ಲೇತ್‌ಗೆ ಕಳಿಸಿ ಫೇಸಿಂಗ್ ಮಾಡಿಸಬೇಕು, ಅಂದರೆ ಮೇಲ್ಮೈ ಕೆರೆದು ಸಮ ಮಾಡಿಸಬೇಕು. ಟೋ ಮಾಡಿಸಿಕೊಂಡೇ ಗ್ಯಾರೇಜ್‌ಗೆ ಹೋಗಿ.

ಕ್ಯಾತ್ಸಂದ್ರ

ಆಯಿಲ್ ಬಣ್ಣ ಸರಿಯಿದೆ. ಬಿಳಿ ಹೊಗೆ ಇದೆ. ಇವತ್ತಿನಿಂದ ಗಾಡಿ ಎತ್ತುವುದಿಲ್ಲ, ಟೋಗೆ ಹೇಳಿದ್ದೇನೆ.

ಮಾಲೂರು ಪಿಕಪ್

ಟೊಮೆಟೊ ಲೋಡ್ ತುಂಬಿಕೊಂಡು ಕೋಲಾರ ಎಪಿಎಂಸಿಗೆ ಹೋಗುವ ಗಾಡಿ ನನ್ನದು. ಸೀಸನ್‌ನಲ್ಲಿ ಮಾರ್ಕೆಟ್ ಹೊರಗೆ ಸಾಲು ನಿಲ್ಲಬೇಕು. ಆಗ ಬಿಸಿಯಾಗುತ್ತದೆ. ನನ್ನ ಗಾಡಿಗೆ ಕರೆಂಟ್ ಫ್ಯಾನ್ ಇಲ್ಲ, ಬೆಲ್ಟ್ ಫ್ಯಾನ್. ಹಾಳೆ ಪರೀಕ್ಷೆ ಮಾಡಿದೆ, ಸರಿಯಾಗಿ ಹಿಡಿಯುವುದಿಲ್ಲ. ಮುಂದೆ ಕಸವೂ ಇಲ್ಲ, ಎಸಿಯೂ ಇಲ್ಲ.

ಶಿರಾಗೇಟ್ ಮೆಕ್ಯಾನಿಕ್

ಬೆಲ್ಟ್ ಬಿಗಿ ಇದೆಯಾ ಮೊದಲು ನೋಡಿ. ಆಮೇಲೆ ಫ್ಯಾನ್ ನಡುವೆ ದುಂಡಗೆ ಒಂದು ಕಪ್ಲಿಂಗ್ ಇರುತ್ತದೆ, ಒಳಗೆ ಸಿಲಿಕೋನ್ ಎಣ್ಣೆ. ಬಿಸಿಯಾದಾಗ ಅದು ಫ್ಯಾನನ್ನು ಗಟ್ಟಿಯಾಗಿ ಹಿಡಿದು ತಿರುಗಿಸಬೇಕು. ಎಂಜಿನ್ ಆಫ್ ಮಾಡಿ, ಕೀ ತೆಗೆದು ಜೇಬಿಗೆ ಹಾಕಿಕೊಂಡು, ಫ್ಯಾನ್ ರೆಕ್ಕೆಯನ್ನು ಕೈಯಲ್ಲಿ ತಳ್ಳಿ. ಸ್ವಲ್ಪ ಬಿಗಿಯಾಗಿ ತಿರುಗಿ ನಿಲ್ಲಬೇಕು. ಸಲೀಸಾಗಿ ಗಿರಗಿರ ತಿರುಗುತ್ತಲೇ ಇದ್ದರೆ ಕಪ್ಲಿಂಗ್ ಸತ್ತಿದೆ. ಅದರ ಸುತ್ತ ಎಣ್ಣೆ ಜಿಡ್ಡು ಚಿಮ್ಮಿದ ಗುರುತಿದ್ದರಂತೂ ಅನುಮಾನವೇ ಬೇಡ.

ಮಾಲೂರು ಪಿಕಪ್

ಗಿರಗಿರ ತಿರುಗುತ್ತಿದೆ ಅಣ್ಣಾ. ಜಿಡ್ಡೂ ಇದೆ. ಇಲ್ಲಿ ಒಬ್ಬರು ಕಪ್ಲಿಂಗ್ ವೆಲ್ಡ್ ಮಾಡಿದರೆ ಫ್ಯಾನ್ ಯಾವಾಗಲೂ ತಿರುಗುತ್ತದೆ, ಹೊಸದು ಬೇಡ ಎನ್ನುತ್ತಿದ್ದಾರೆ.

ಶಿರಾಗೇಟ್ ಮೆಕ್ಯಾನಿಕ್

ವೆಲ್ಡ್ ಮಾಡಿಸಬೇಡಿ. ಸಾಲಿನಲ್ಲಿ ನಿಂತಾಗ ತಣ್ಣಗಿರುತ್ತದೆ ನಿಜ, ಆದರೆ ಹೈವೇಯಲ್ಲಿ ಎಂಜಿನ್ ಜೋರಾಗಿ ತಿರುಗಿದಾಗ ಫ್ಯಾನೂ ಅಷ್ಟೇ ಜೋರಾಗಿ ತಿರುಗುತ್ತದೆ. ಡೀಸೆಲ್ ಕುಡಿಯುತ್ತದೆ, ವಾಟರ್ ಪಂಪ್ ಬೇರಿಂಗ್ ಹೋಗುತ್ತದೆ. ರೆಕ್ಕೆ ಮುರಿದರೆ ಎದುರಿಗಿರುವ ರೇಡಿಯೇಟರ್ ಸೀಳುತ್ತದೆ. ಹೊಸ ಕಪ್ಲಿಂಗ್ ಹಾಕಿಸಿ. ಹಾಕುವಾಗ ಪಂಪ್ ಬೇರಿಂಗ್ ಆಡುತ್ತದೆಯಾ ಎಂದು ಫ್ಯಾನ್ ಹಿಡಿದು ಹಿಂದಕ್ಕೆ ಮುಂದಕ್ಕೆ ಅಲ್ಲಾಡಿಸಿ ನೋಡಲು ಹೇಳಿ, ಆಡುತ್ತಿದ್ದರೆ ಎರಡೂ ಒಟ್ಟಿಗೇ ಆಗಲಿ.

ಕೋಲಾರ ಬೋರ್‌ವೆಲ್

ಪಿಕಪ್ ಅಣ್ಣಾ, ನಾಳೆ ಲೋಡ್ ಇದ್ದರೆ ನನ್ನ ಗಾಡಿ ಖಾಲಿ ಇದೆ. ಕಪ್ಲಿಂಗ್ ಸಿಗುವವರೆಗೆ ನಿಮ್ಮ ಬಾಕ್ಸ್‌ಗಳನ್ನು ಇದರಲ್ಲಿ ಕಳಿಸಬಹುದು, ಮೆಸೇಜ್ ಮಾಡಿ.